ಮುಂದಿನ ವರ್ಷದ ರಾಜ

ಮಿನೆಸೋಟದ ಆ ಪುಟ್ಟ ಊರಿನ ಎರಡು ವರ್ಷದ ಕಾಲೇಜಿನಲ್ಲಿ ನಾಟಕ ವಿಭಾಗವೆಂದರೆ ವರ್ನಾ ಮೇಡಂ ಒಬ್ಬರೇ. ನಿರ್ದೇಶಕಿ, ಬಡಗಿ, ದರ್ಜಿ ಎಲ್ಲ ಅವರೇ. ಬರುವ ವರ್ಷದ ನಾಟಕಗಳನ್ನು ಆರಿಸಲು ಕೂತರೆ, ಟರ್ಕಿ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ತಾಲೀಮಿಗೆ ಬರುವ ಹುಡುಗರ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಯಾರನ್ನೂ ಬೇಡವೆನ್ನಲಾರದೆ, ಮೂರೇ ಪಾತ್ರಗಳ ಪ್ರಹಸನಕ್ಕೆ ಬೀದಿ ತುಂಬ ನೆರೆಹೊರೆಯವರ ಪಾತ್ರಗಳನ್ನು ಸೇರಿಸುತ್ತಾರೆ. ಅವರ ಎದೆಯೊಳಗೆ ಇರುವುದು ಮಾತ್ರ ಮುದಿ ರಾಜನೊಬ್ಬನ ದುರಂತ ನಾಟಕ. ತಕ್ಕ ಹುಡುಗ ಸಿಕ್ಕಾಗಲೆಲ್ಲ, "ನೀನಿನ್ನೂ ಕಾಯಿ ಕಣೋ, ಮುಂದಿನ ವರ್ಷ ಹಣ್ಣಾಗ್ತೀಯ" ಎಂದು ಬೆನ್ನು ತಟ್ಟಿ, ಇರುವ ಒಂದೇ ರಾಜನ ನಿಲುವಂಗಿಯ ಅಂಚನ್ನು ಅವನ ಅಳತೆಗೆ ಮತ್ತೆ ಹೊಲಿದಿಡುತ್ತಾರೆ. ಹಣ್ಣಾಗುವ ಹೊತ್ತಿಗೆ ಅವನ ಓದು ಮುಗಿದಿರುತ್ತದೆ. ಆ ವರ್ಷವೂ ಪ್ರಹಸನವೇ. ಈ ವಸಂತದಲ್ಲೂ ಮೇಡಂ ಅದೇ ಮಾತು ಹೇಳಿದಾಗ, ಎರಡನೇ ವರ್ಷದ ಡೇರಿಯಸ್ ಆ ನಿಲುವಂಗಿ ತೊಟ್ಟು ನಿಂತು ನಕ್ಕ: "ಹೋದ ವರ್ಷಾನೂ ಹಿಂಗೇ ಅಂದಿದ್ರಿ, ಮೇಡಂ. ಈ ಮೇ ತಿಂಗಳಿಗೆ ನನ್ನ ಓದೂ ಮುಗೀತು, ರಿಟೈರಾಗಿ ನಿಮ್ಮ ನೌಕರೀನೂ ಮುಗೀತು. ಇನ್ಯಾವ ಮುಂದಿನ ವರ್ಷ?" ಮೇಡಂ ಮಂಡಿಯೂರಿ ಅಂಚು ಬಿಚ್ಚುತ್ತಿದ್ದರು. ಬಟ್ಟೆಯಲ್ಲಿ ಹಳೆಯ ಹೊಲಿಗೆಗಳ ಗುರುತು ಗೆರೆಗೆರೆಯಾಗಿ ಉಳಿದಿತ್ತು. ಒಂದೊಂದು ಗೆರೆ, ರಂಗ ಹತ್ತದೆ ಹೋದ ಒಬ್ಬೊಬ್ಬ ಹುಡುಗನ ಎತ್ತರ. ಅವುಗಳ ಮೇಲೆ ಒಮ್ಮೆ ಬೆರಳಾಡಿಸಿ, ತಲೆಯೆತ್ತದೆ ಹೇಳಿದರು: "ಅಲುಗಾಡಬೇಡ. ನೆಟ್ಟಗೆ ನಿಲ್ಲೋ, ರಾಜ."