ಎರಡು ನಿಮಿಷದ ದಾರಿ

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಒಬ್ಬಳೇ ಇದ್ದಳು. ಅವಳ ಅಡುಗೆಮನೆ ಕಿಟಕಿ ನನ್ನದಕ್ಕೆ ನೇರ ಎದುರು, ನಡುವೆ ಬರೀ ಒಂದು ಕಾಂಪೌಂಡು ಗೋಡೆ. ಮುಂಬೈ ಹತ್ತಿರದ ಡೊಂಬಿವಲಿಯ ಈ ಅಂಚಿಗೆ ನಾವು ಬಂದಾಗ ಇಲ್ಲಿ ಗದ್ದೆಯಿತ್ತು, ಗದ್ದೆಗೆ ಅಡ್ಡಲಾಗಿ ಕಾಲುದಾರಿಯಿತ್ತು. ಆಮೇಲೆ ಎದ್ದ ಒಂದೊಂದು ಕಾಂಪ್ಲೆಕ್ಸೂ ಸುತ್ತ ಗೋಡೆ ಹಾಕಿ ಒಂದೇ ಗೇಟು ಇಟ್ಟುಕೊಂಡಿತು. ಈಗ ಎಲ್ಲ ರಸ್ತೆಗಳೂ ಹೆದ್ದಾರಿಗೆ ಹೋಗುತ್ತವೆ, ಪಕ್ಕದ ಬಿಲ್ಡಿಂಗಿಗೆ ಒಂದೂ ಹೋಗುವುದಿಲ್ಲ. ಯಾವ ಪುಣ್ಯಾತ್ಮ ನಕ್ಷೆ ಬರೆದನೋ!

ಪುಣ್ಯಕ್ಕೆ ಗೋಡೆಯಲ್ಲೊಂದು ಸಂದು ಉಳಿದಿತ್ತು. ಗಂಡನ ಜೊತೆ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದ ಚಿಕ್ಕಮ್ಮನಿಗೆ ಒಬ್ಬಳಿಗಾಗುವಷ್ಟೇ ಹಿಟ್ಟು ರುಬ್ಬಲು ಬರುತ್ತಲೇ ಇರಲಿಲ್ಲ. ರುಬ್ಬಿ ಮುಗಿದ ಕೂಡಲೇ ಹೆಗಲ ಮೇಲಿನ ಟವೆಲು, ಆ ಕೆಂಪು ಬೈರಾಸು, ತೆಗೆದು ಹಿಟ್ಟು ಒಯ್ಯಲು ಬಾ ಎಂದು ಕಿಟಕಿಯಲ್ಲಿ ಬೀಸುವಳು. ನಾನು ಕೈಯೆತ್ತಿ, ಡಬ್ಬಿ ಹಿಡಿದು ಸಂದಿನಲ್ಲಿ ನುಸುಳಿದರೆ ಎರಡು ನಿಮಿಷ.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಒಂದು ಸೈಕಲ್ ಕಳುವಾಯಿತು. ಸಂದು ಮುಚ್ಚಬೇಕೆಂಬ ಅರ್ಜಿಗೆ ಎಲ್ಲರೂ ಸಹಿ ಹಾಕಿದರು. ಒಬ್ಬಳೇ ಎದುರಾಡಿ ಕೆಟ್ಟವಳಾಗುವುದೇಕೆಂದು ನಾನೂ ಹಾಕಿದೆ. ಚಿಕ್ಕಮ್ಮನಿಗೆ ಹೇಳಲು ಮುಖವಿರಲಿಲ್ಲ; ಅವಳ ಕಿಟಕಿಗೆ ಆ ಸಂದು ಕಾಣುತ್ತಲೂ ಇರಲಿಲ್ಲ.

ಸಂದು ಮುಚ್ಚಿದ ಮೂರನೆಯ ದಿನ ಮಧ್ಯಾಹ್ನ ಬೈರಾಸು ಬೀಸಿತು, ಎಂದಿಗಿಂತ ಜೋರಾಗಿ. ನಾನು ಕೈಯೆತ್ತಿದೆ. ಆದರೆ ಈಗ ಹೋಗುವುದೆಂದರೆ ರಿಕ್ಷಾ ಹಿಡಿದು, ಹೆದ್ದಾರಿಗೆ ಹೋಗಿ, ಸೇತುವೆಯ ಕೆಳಗೆ ತಿರುಗಿ ಮುಕ್ಕಾಲು ಗಂಟೆ. ನಾಳೆ ನೋಡೋಣವೆಂದು ಬಟ್ಟೆ ಮಡಚಲು ಕೂತೆ.

ಸಂಜೆ ನೋಡಿದರೆ ಬೈರಾಸು ಗ್ರಿಲ್ಲಿಗೆ ಸಿಕ್ಕಿಕೊಂಡು ಇನ್ನೂ ಆಡುತ್ತಿದೆ. ಹಿಂದೆ ಕೈಯಿಲ್ಲ. ಫೋನ್ ಮಾಡಿದೆ. ನನ್ನ ಕಿವಿಯಲ್ಲಿ ಹೋಗುತ್ತಿದ್ದ ರಿಂಗು ಆ ಕಿಟಕಿಯಿಂದಲೂ ಕೇಳಿಸಿತು. ಎರಡೂ ಒಟ್ಟಿಗೇ ನಿಂತವು.

ಕಾಲುಗಳು ತಾವಾಗಿಯೇ ಸಂದಿನ ಕಡೆಗೆ ಓಡಿದವು. ಅಲ್ಲಿ ಹೊಸ ಸಿಮೆಂಟು.

"ಮೇಡಮ್, ಇಧರ್ ರಾಸ್ತಾ ನಹೀ ಹೈ," ಇಲ್ಲಿ ದಾರಿಯಿಲ್ಲ ಎಂದ ವಾಚ್‌ಮನ್, ನಾನು ಯಾರೋ ಹೊರಗಿನವಳೆಂಬಂತೆ.

ಸುತ್ತಿ ಬಳಸಿ ತಲುಪಿದೆ. ಪಕ್ಕದ ಮನೆಯವರು ತಮ್ಮಲ್ಲಿದ್ದ ಕೀಲಿಯಿಂದ ಬಾಗಿಲು ತೆಗೆದರು. ಚಿಕ್ಕಮ್ಮ ಕಿಟಕಿಯ ಕೆಳಗೆ ನೆಲದ ಮೇಲೆ ಬಿದ್ದಿದ್ದಳು, ಕಣ್ಣು ತೆರೆದೇ ಇತ್ತು.

"ಎದೆ ಹಿಡಿದದ್ದು ಮಾರಾಯ್ತಿ. ನೀನು ಕೈ ಎತ್ತಿದಿಯಲ್ಲ, ಈಗ ಬರ್ತಿ ಅಂತ ಎಣಿಸಿ ಪಕ್ಕದವರನ್ನು ಕರೀಲೇ ಇಲ್ಲ."

ಯಾಕೆ ಇಷ್ಟು ತಡ ಎಂದು ಆಂಬುಲೆನ್ಸಿನಲ್ಲಿ ಕೇಳಿದಳು. ರಿಕ್ಷಾ ಸಿಗಲಿಲ್ಲ ಅಂದೆ. ಎರಡು ನಿಮಿಷದ ದಾರಿಗೆ ರಿಕ್ಷಾ ಏಕೆಂದು ಅವಳು ಕೇಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಆಸ್ಪತ್ರೆಯಿಂದ ಮರಳಿ ಬರಲಿಲ್ಲ.

ಆ ಮನೆ ಈಗ ಖಾಲಿ. ಬೈರಾಸನ್ನು ನಾನೇ ಬಿಡಿಸಿ ತಂದು ಕಪಾಟಿನಲ್ಲಿಟ್ಟಿದ್ದೇನೆ. ಆದರೂ ಕೆಲವು ಮಧ್ಯಾಹ್ನ ಆ ಕಿಟಕಿಯಲ್ಲಿ ಕೆಂಪಗೆ ಏನೋ ಬೀಸುತ್ತದೆ. ನಾನು ಕೈಯೆತ್ತುವುದಿಲ್ಲ.