ಪಾತ್ರೆಯ ತಳ

ಚರ್ಚಿನ ಸಹೋದರ ಸಂಘದ ನೀಲಿ ಪಟ್ಟಿಗೆ ಇಸ್ತ್ರಿ ಹಾಕುವುದು ಬಡಗಿಯ ಹೆಂಡತಿಯ ಕೆಲಸ. ಅದನ್ನು ಹೆಗಲಿಗೆ ಅಡ್ಡ ಹಾಕಿಕೊಂಡು, ಕಷ್ಟದಲ್ಲಿರುವವರ ಮನೆಗೆ ಹೋಗಿ ಸೇವೆ ಮಾಡುವುದು ಬಡಗಿಯ ಕೆಲಸ. ಸಂಘದವರೊಬ್ಬರು ತೀರಿಕೊಂಡರೆ ಅವರ ಮನೆಯವರನ್ನು ಉಳಿದವರು ನೋಡಿಕೊಳ್ಳಬೇಕು. ಈ ತಿಂಗಳು ಬಡಗಿಯ ಪಾಲಿಗೆ ಬಂದವಳು ಸಂಘದಲ್ಲಿದ್ದ ದರ್ಜಿಯ ವಿಧವೆ; ಕಾಲು ಮುರಿದುಕೊಂಡು ಮಲಗಿದ್ದಳು.

ಶರ್ಟ್ ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಹೊಲಿದು ಸುಸ್ತಾಗಿದ್ದ ಹೆಂಡತಿ, ಒಂದು ಸಂಜೆ ಹಣ್ಣು ಹಿಡಿದುಕೊಂಡು ಆ ವಿಧವೆಯನ್ನು ನೋಡಲು ಹೋದಳು. ಅವಳ ಕಣ್ಣು ಅಡುಗೆಮನೆಯ ಮೇಲೆ ನೆಟ್ಟಿತು. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬೋರಲು ಹಾಕಿದ ಪಾತ್ರೆಗಳು, ತಳವೆಲ್ಲ ಕನ್ನಡಿ. ಒಲೆಯ ಹಿಂದಿನ ಜಿಡ್ಡೂ ಮಾಯ.

"ನಿಮ್ಮೆಜಮಾನ್ರು ಬಂಗಾರ ಅಕ್ಕಾ," ಎಂದಳು ವಿಧವೆ. "ಪಾತ್ರೆ ಉಜ್ಜಿ, ಒರೆಸೋ ಬಟ್ಟೇನೂ ಝಾಡಿಸಿ ಒಣಹಾಕ್ತಾರೆ. ಪುಣ್ಯ ಮಾಡಿದ್ರಿ ನೀವು."

ಹೆಂಡತಿ ಹಣ್ಣು ಇಟ್ಟು ಹೊರಬಿದ್ದಳು. ಗಂಡ ಆ ಹೆಂಗಸಿನ ಕೈ ಹಿಡಿದಿದ್ದರೆ ಅವನ ಜುಟ್ಟು ಹಿಡಿಯಬಹುದಿತ್ತು. ಬಾಣಲೆ ಹಿಡಿದದ್ದಕ್ಕೆ ಯಾರ ಹತ್ತಿರ ದೂರು ಹೇಳುವುದು? "ಪಾತ್ರೆ ಕೈ ಜಾರುತ್ತೆ ಕಣೇ, ತೊಳೆಯೋಕೆ ನಂಗೆ ಬರಲ್ಲ," ಎಂದು ಮದುವೆಯಾದಾಗಿನಿಂದ ಅವಳ ಮುಂದೆ ನಾಟಕ ಆಡಿದ್ದ!

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಸಂಘದ ಕಾರ್ಯದರ್ಶಿಯನ್ನು ತಡೆದಳು. "ನಂಗೂ ಸೊಂಟ ಹಿಡಿದಿದೆ. ನಮ್ಮನೆಗೂ ಒಬ್ರು ಸಹೋದರರನ್ನ ಕಳಿಸಿ."

"ನಿಮ್ಮೆಜಮಾನ್ರೇ ಇದಾರಲ್ಲಮ್ಮ?"

"ಅವ್ರಿಗೆ ಬರಲ್ವಂತೆ."

ತನ್ನದೇ ಮನೆಯಲ್ಲಿ ಮಾಡಿದ್ದು ಸೇವೆ ಎನಿಸಿಕೊಳ್ಳುವುದಿಲ್ಲ, ಬೇರೆಯವರೇ ಹೋಗಬೇಕು. ಇದು ಸಂಘದ ನಿಯಮ. ಮರುದಿನ ಸಂಜೆ ಗಡಿಯಾರ ರಿಪೇರಿಯವನು ನೀಲಿ ಪಟ್ಟಿ ಹಾಕಿಕೊಂಡು ಬಂದ.

ಬಡಗಿ ಮನೆಗೆ ಬಂದಾಗ ಹೆಂಡತಿ ಕುರ್ಚಿಯಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದಳು. ಸಿಂಕಿನ ಮುಂದೆ ಪರಗಂಡಸು, ತೋಳು ಮಡಚಿಕೊಂಡು, ಹಾಡು ಗುನುಗುತ್ತ.

"ಏನೋ ಇದು, ನನ್ನ ಮನೇಲಿ?"

"ಸೇವೆ ಕಣಣ್ಣ. ಅತ್ತಿಗೆ ಕುಡೀತಿರೋ ಚಹಾನೂ ನಾನೇ ಮಾಡಿದ್ದು. ಇಷ್ಟು ಚೆನ್ನಾಗಿರೋ ಚಹಾ ಈ ಮನೇಲಿ ಕುಡಿದೇ ಇಲ್ಲ ಅಂದ್ರು."

ಬಡಗಿಯ ಮುಖ ಕಪ್ಪಿಟ್ಟಿತು. ಹೆಂಡತಿಯ ಕೈಯ ಲೋಟವನ್ನೊಮ್ಮೆ, ಸಿಂಕಿನಲ್ಲಿದ್ದ ಕೈಗಳನ್ನೊಮ್ಮೆ ನೋಡಿದ.

"ಕೊಡೋ ಇಲ್ಲಿ!" ಎಂದು ಪಾತ್ರೆ ಉಜ್ಜುವ ನಾರು ಕಿತ್ತುಕೊಂಡ. ಗಡಿಯಾರದವನು ನಗುತ್ತ ಕೈ ಒರೆಸಿಕೊಂಡು ಹೊರಟ.

ಬಡಗಿಯ ನೀಲಿ ಪಟ್ಟಿ ಗೂಟದಲ್ಲೇ ನೇತಾಡುತ್ತಿತ್ತು. ಹಲ್ಲು ಕಚ್ಚಿಕೊಂಡು ಬಾಣಲೆ ತೊಳೆದು ಬೋರಲು ಹಾಕಿದ. ಅವಳು ಚಹಾ ಪೂರ್ತಿ ಮುಗಿಸಿಯೇ ಎದ್ದು ಬಂದಳು. ಬಾಣಲೆ ಎತ್ತಿ ಬೆಳಕಿಗೆ ಹಿಡಿದಳು.

"ಅವಳ ಮನೇಲಿ ತಳಾನೂ ಹೊಳೀತಿತ್ತು," ಎಂದು ಮತ್ತೆ ಅವನ ಕೈಗೇ ಕೊಟ್ಟಳು.