ಇಲಿವಾರದ ಕಡುಬಿನ ಡಬ್ಬಿ

ಗೌರವ್ವ ದೊಡ್ಡವ್ವ ಮಾತಾಡುವಾಗಲೂ ಸೆರಗನ್ನು ಎಡಗೆನ್ನೆಗೆ ತಾಗದಂತೆ ಮರೆ ಹಿಡಿದಿರುತ್ತಿದ್ದಳು. ಗಾಳಿ ಸೋಕಿದರೂ ಸಾಕು, ಅರ್ಧ ಮುಖಕ್ಕೆ ಕರೆಂಟು ಹೊಡೆದಂತಾಗುತ್ತಿತ್ತು. ಡಾಕ್ಟರರ ಗುಳಿಗೆ ನುಂಗಿದರೆ ಮಗ್ಗದ ಮೇಲೇ ತೂಕಡಿಕೆ. ಗರಿಗರಿ ಕಟಕ ರೊಟ್ಟಿಗೆ ಜೀವ ಬಿಡುತ್ತಿದ್ದ ಹೆಂಗಸು ಅದನ್ನೀಗ ಸಾರಿನಲ್ಲಿ ನೆನೆಸಿ ಬಲಗಡೆಯಷ್ಟೇ ಅಗಿಯುತ್ತಿದ್ದಳು.

ಬೆಟಗೇರಿಯಲ್ಲಿ ಅವಳ ಪಕ್ಕದ ಮನೆಯವನಾದ ನಾನು ಮುಖನೋವಿನ ಸಂಶೋಧಕ. ಹೆಸರೇನೋ ದೊಡ್ಡದು, ಕೆಲಸವೆಂದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಕೆನ್ನೆ ನೋಯುವ ಇಲಿಗಳ ಮುಖ ನೋಡುತ್ತ ಕೂಡುವುದು. ಕಣ್ಣು ಕಿರಿದಾಯಿತೇ? ಮುಂಗಾಲಿನಿಂದ ಕೆನ್ನೆ ಉಜ್ಜಿತೇ? ಹಾಗಾದರೆ ನೋವಿದೆ ಎಂದು ಬರೆದುಕೊಳ್ಳುವುದು. ಹೆಂಡತಿಯ ಮುಖವನ್ನು ಇಷ್ಟು ನೋಡಿದ್ದರೆ ಸಂಸಾರ ಎಂದೋ ಸುಧಾರಿಸುತ್ತಿತ್ತು.

ನನ್ನ ಮೇಲೆ ಭರವಸೆಯಿದ್ದದ್ದು ಗೌರವ್ವನಿಗೊಬ್ಬಳಿಗೇ. "ತಮ್ಮಾ, ನಿನ್ನ ಇಲಿ ಆರಾಮ ಆದ್ರ ನಾನೂ ಆರಾಮ ಆದಂಗ. ಜಲ್ದಿ ಮಾಡಪಾ."

ಗಣೇಶ ಚೌತಿಯ ಮರುದಿನ ನಮ್ಮ ನೇಕಾರರ ಓಣಿಯಲ್ಲಿ ಇಲಿವಾರ. ಇಲಿ ನೂಲು ಕಡಿಯದಿರಲೆಂದು ಮಗ್ಗ ನಿಲ್ಲಿಸಿ, ಕತ್ತರಿ ಮುಟ್ಟದೆ, ಅದಕ್ಕೆ ಎಡೆ ಹಿಡಿಯುತ್ತಾರೆ. ಒಂದು ವರ್ಷ ಗೌರವ್ವ ಡಬ್ಬಿ ತುಂಬ ಕಡುಬು ತಂದಳು. "ನಿನ್ನ ಇಲಿಗೋಳಿಗೆ. ಪಾಪ, ನನ್ನ ಸಲುವಾಗಿ ನೋವು ತಿನ್ನಾಕತ್ತಾವು."

ಪ್ರಯೋಗದ ಇಲಿಗಳಿಗೆ ಹೊರಗಿನ ತಿಂಡಿ ಹಾಕುವಂತಿಲ್ಲ. ಹಾಗಂತ ಕಡುಬು ಕೆಡಿಸುವುದೇ? ನಾನೇ ಮುಗಿಸಿದೆ.

ಮರುದಿನ ಕಟ್ಟೆಯ ಮೇಲೆ ಕುಳಿತಿದ್ದವಳ ಕೈಗೆ ಸಿಕ್ಕಿಬಿದ್ದೆ. "ತಿಂದವೇನೋ?"

"ತಿಂದವು ದೊಡ್ಡವ್ವಾ, ಒಂದೂ ಬಿಡಲಿಲ್ಲ."

"ಯಾವ ಕಡೀಲೆ ಅಗದವು?"

"ಎರಡೂ ಕಡೀಲೆ!"

ಅವಳು ಎದ್ದು ನಿಂತಳು. "ಹಂಗಾರ ಔಷಧ ಹತ್ತೇತಿ! ನನಗೂ ಅದನ್ನ ಕೊಡೋ ತಮ್ಮಾ. ಇವತ್ತ ಕಟಕ ರೊಟ್ಟಿ ತಿಂತೇನಿ."

ಆ ಕಣ್ಣು ನೋಡಿದ ಮೇಲೆ ಸುಳ್ಳು ಮುಂದುವರಿಸಲಾಗಲಿಲ್ಲ. "ದೊಡ್ಡವ್ವಾ... ಕಡುಬು ತಿಂದಾಂವ ನಾನು. ಔಷಧ ಇನ್ನೂ ಆಗಿಲ್ಲ."

ಅವಳು ನಗತೊಡಗಿದಳು. ನಗುವಿಗೇ ನೋವು ಹೊಡೆಯಿತು. ಉಸಿರು ಹಿಡಿದು ನಿಂತು, ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. "ನಿನ್ನ ಬಾಯಾಗ ಮಣ್ಣ ಹಾಕ! ಎಲ್ಲಾಕ್ಕಿಂತ ದೊಡ್ಡ ಇಲಿ ನೀನ ಅದಿಯಲ್ಲೋ!"

ನಮ್ಮಲ್ಲಿ ಖಾಲಿ ಡಬ್ಬಿ ಹೊಳ್ಳಿ ಕೊಡುವ ಪದ್ಧತಿಯಿಲ್ಲ. ಸಕ್ಕರೆ ಹಾಕಿ ಕೊಡಲು ಹೋದರೆ ತಡೆದಳು. "ಸಕ್ರಿ ಬ್ಯಾಡ. ಔಷಧ ಆದ ದಿನ ಅದರಾಗ ಹಾಕ್ಕೊಂಡು ಬಾ."

ಹೋದ ಚಳಿಗಾಲದಲ್ಲಿ ಎದೆನೋವು ಬಂದು ಗೌರವ್ವ ತೀರಿಕೊಂಡಳು. ಮಣ್ಣಿಗೊಯ್ಯುವ ಮುನ್ನ ಅವಳನ್ನು ಅಂಗಳದಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಗಾಳಿ ಬೀಸುತ್ತಿತ್ತು, ಕೆನ್ನೆಗೆ ಸೆರಗಿನ ಮರೆಯಿರಲಿಲ್ಲ. ರೂಢಿಬಿದ್ದ ನಾನು, ಮೂರ್ಖ, ಅವಳ ಕಣ್ಣು ಕಿರಿದಾಗುತ್ತದೇನೋ ಎಂದು ನೋಡುತ್ತಲೇ ನಿಂತಿದ್ದೆ.

ಮೊನ್ನೆ ಅವಳ ಸೊಸೆ ಡಬ್ಬಿ ಕೇಳಿದಳು. ಹುಡುಕುತ್ತೇನೆ ಎಂದೆ. ಅದು ನನ್ನ ಮೇಜಿನ ಮೇಲೇ ಇದೆ. ಖಾಲಿ ಡಬ್ಬಿ ಹೇಗೆ ಕೊಡಲಿ?